ಏನೂ ಹೊರದ ಕಂಬಗಳು

ಜನವರಿ 9

ಅಕ್ಕಾ,

ನಿನ್ನ ಕಾಗದ ಮಧ್ಯಾಹ್ನ ಆಫೀಸಿಗೇ ಬಂತು. ಸೈಟು ಕೊಂಡಿರಿ ಎಂದು ಓದಿದ್ದೇ ತಡ, ಎದ್ದು ನಿಂತು "ನಮ್ಮಕ್ಕ ಮನೆ ಕಟ್ಟಿಸ್ತಾಳೆ!" ಎಂದು ಕೂಗಿಬಿಟ್ಟೆ. ಸಾಹೇಬರು ಕನ್ನಡಕದ ಮೇಲಿಂದ ನೋಡಿ, "ಕಟ್ಟಿಸ್ಲಿ ಬಿಡಮ್ಮಾ. ನೀನು ಕೂತ್ಕೊಂಡು ಆ ಬಚ್ಚಲಿನ ಪೈಪು ಮುಗಿಸು" ಎಂದರು.

ಈಗ ಗಮನವಿಟ್ಟು ಕೇಳು. ಆ ಮನೆಯ ಪ್ಲಾನು ಬರೆಯುವವಳು ನಾನು. ಬೇರೆ ಯಾರೂ ಕೈ ಹಾಕಕೂಡದು. ಭಾವನಿಗೂ ಹೇಳಿಬಿಡು, ಯಾವ ಕಂಟ್ರಾಕ್ಟರ್ ಹತ್ತಿರವೂ ಬಾಯಿಮಾತಿಗೂ ಒಪ್ಪಿಕೊಳ್ಳಬಾರದು. ಈ ಆಫೀಸಿನಲ್ಲಿ ಕೂತು ಊರವರ ಮನೆಗಳನ್ನೆಲ್ಲ ನಾನೇ ಬರೆದಿದ್ದೇನೆ. ಬರೆದಿದ್ದೇನೆ ಎನ್ನುವುದು ದೊಡ್ಡ ಮಾತಾಯಿತು, ಸಾಹೇಬರು ಹೇಳಿದ್ದನ್ನು ಗೀಚಿದ್ದೇನೆ. ಎಲ್ಲ ಮನೆಗಳ ಮುಂದೆಯೂ ಅವೇ ದಪ್ಪ ಕಂಬಗಳು. ಎಲ್ಲ ಕಿಟಕಿಗಳ ಪಕ್ಕದಲ್ಲೂ ಗೋಡೆಗೆ ಮೊಳೆ ಹೊಡೆದು ಕೂರಿಸಿದ ಸುಳ್ಳು ಕಿಟಕಿ ಬಾಗಿಲುಗಳು, ಎಳೆದರೆ ಮುಚ್ಚುವುದಿಲ್ಲ, ಮುಚ್ಚಿದರೂ ಕಿಟಕಿಗೆ ಸಾಲುವುದಿಲ್ಲ. ಎಲ್ಲ ಮುಗಿದ ಮೇಲೆ ಮಿಕ್ಕ ಜಾಗದಲ್ಲಿ ಅಡುಗೆಮನೆ. ನಿನ್ನ ಮನೆ ಹಾಗಾಗಲು ನಾನು ಬಿಡುವುದಿಲ್ಲ.

ಪುಸ್ತಕದ ವಿಷಯ ಹಿಂದೆ ಹೇಳಿದ್ದೆನಲ್ಲ, ಹಳೆ ಪುಸ್ತಕದ ಅಂಗಡಿಯವನು ರದ್ದಿಗೆ ಹಾಕಲು ಇಟ್ಟಿದ್ದನ್ನು ಎತ್ತಿಕೊಂಡು ಬಂದದ್ದು? ರಟ್ಟು ಹೋಗಿದೆ, ಮೊದಲ ಹಾಳೆಗಳೂ ಹೋಗಿವೆ, ಬರೆದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಮಾತು ಕಮ್ಮಿ, ಚಿತ್ರ ಜಾಸ್ತಿ. ಎಡಗಡೆಯ ಪುಟದಲ್ಲಿ ಹಿಂದಿನವರು ಸರಿಯಾಗಿ ಕಟ್ಟಿದ್ದು, ಬಲಗಡೆಯಲ್ಲಿ ಅದನ್ನೇ ನಮ್ಮಂಥವರು ಕೆಡಿಸಿದ್ದು. ಕೆಡಿಸಿದ್ದರ ಮೇಲೆ ದೊಡ್ಡದಾಗಿ ಕಾಟು ಹೊಡೆದಿದ್ದಾನೆ. ಕಂಬದ ಮೇಲಿನ ತೊಲೆಯ ಮುಖ ಕಂಬದ ಕೊರಳಿಗೆ, ಅಂದರೆ ಅದರ ತುದಿಯ ಸಣ್ಣ ಭಾಗಕ್ಕೆ, ಸರಿಯಾಗಿ ಕೂರಬೇಕು, ಆಚೀಚೆ ಜರುಗಿದರೆ ಕಾಟು. ಕಿಟಕಿ ಅಗಲಕ್ಕಿಂತ ಎತ್ತರವಿರಬೇಕು, ಅಡ್ಡಡ್ಡ ಮಲಗಿದ್ದರೆ ಕಾಟು. ಸೂರು ಗೋಡೆಯಿಂದ ಧಾರಾಳವಾಗಿ ಮುಂದೆ ಚಾಚಿರಬೇಕು, ಮೋಟು ಮಾಡಿದರೆ ಕಾಟು. ಊಟದ ಹೊತ್ತಿನಲ್ಲಿ ನನ್ನದು ಒಂದು ಕೈಯಲ್ಲಿ ಡಬ್ಬಿ, ಇನ್ನೊಂದು ಕೈಯಲ್ಲಿ ಪುಸ್ತಕ. ಗೆರೆ ಎಳೆಯುವುದನ್ನು ನನಗೆ ಡಿಪ್ಲೊಮಾ ಕಲಿಸಿತು. ಮನೆ ಅಂದರೆ ಏನೆಂದು ಕಲಿಸಿದ್ದು ಈ ಪುಸ್ತಕ.

ಭಾವ ಕೈಯಾರೆ ಬರೆದು ಕಳಿಸಿದ ಸೈಟಿನ ಚಿತ್ರ ಅಚ್ಚುಕಟ್ಟಾಗಿದೆ. ಮೇಲೆ ರಸ್ತೆ, ಎಡಕ್ಕೆ ಓಣಿ, ನಾಲ್ಕೂ ಕಡೆಯ ಅಳತೆ. ನನಗೆ ಇಷ್ಟು ಸಾಕು. ಇನ್ನು ನಿನಗೆ ಏನು ಬೇಕು ಅದನ್ನು ಬರೆ. "ಏನಾದರೂ ಸರಿ" ಎಂದು ಬರೆದರೆ ಕಾಗದ ಹರಿದು ಹಾಕುತ್ತೇನೆ.

ನಿನ್ನ ತಂಗಿ

*

ಜನವರಿ 24

ಮೊಂಡಿ,

"ಏನಾದರೂ ಸರಿ" ಎಂದೇ ಬರೆಯುವವಳಿದ್ದೆ. ನಿನಗೆ ಹೆದರಿ ಬೇರೆ ಹಾಳೆ ತೆಗೆದುಕೊಂಡೆ.

ನನಗೆ ಬೇಕಾದದ್ದು ಒಂದೇ. ನಮ್ಮ ಈ ಬಾಡಿಗೆ ಮನೆಯ ಅಡುಗೆಮನೆ ನೀನು ನೋಡಿದ್ದೀಯ. ಒಂದು ಕಡೆ ಉಗ್ರಾಣ, ಇನ್ನೊಂದು ಕಡೆ ಬಚ್ಚಲು, ನಡುವೆ ನಾನು. ನಡುಮಧ್ಯಾಹ್ನ ಲೈಟು ಹಾಕಬೇಕು. ಕರೆಂಟು ಹೋದರೆ ಉಪ್ಪೋ ಸಕ್ಕರೆಯೋ ನಾಲಿಗೆಗೆ ಹಚ್ಚಿ ನೋಡಬೇಕು. ಮದುವೆಯಾಗಿ ಬಂದಾಗಿನಿಂದ ಮೂರು ಮನೆ ಬದಲಾಯಿಸಿದೆವು, ಮೂರರಲ್ಲೂ ಇದೇ ಹಣೆಬರಹ. ಹಗಲು ಹೊತ್ತಿನಲ್ಲಿ ಲೈಟು ಹಾಕದೆ ಅಡುಗೆ ಮಾಡುವಂಥ ಒಂದು ಜಾಗ ಸಿಕ್ಕರೆ ನನಗೆ ಸಾಕು.

ಅದಕ್ಕಾಗಿ ಯುದ್ಧ ಮಾತ್ರ ಬೇಡ ಮಾರಾಯ್ತಿ. ನಿಮ್ಮ ಭಾವನಿಗೆ ಕಂಬಗಳ ಆಸೆ ಹತ್ತಿದೆ. ಅವರ ಮ್ಯಾನೇಜರ ಮನೆ ಮುಂದೆ ನಾಲ್ಕು ಕಂಬಗಳಿವೆಯಂತೆ, ಗೇಟಿನಿಂದಲೇ ಕಾಣುತ್ತವಂತೆ. ಮುಂದೆ ಅವರ ಕಂಬ ಇರಲಿ, ಹಿಂದೆ ಎಲ್ಲಾದರೂ ನನಗೆ ಒಂದು ಕಿಟಕಿ ಇರಲಿ. ನಿನ್ನ ಪುಸ್ತಕದ ಮುದುಕನನ್ನು ಕೇಳಿ ನೋಡು, ಒಪ್ಪಿಯಾನು. ಬರೆದವನು ಮುದುಕನೇ ಇರಬೇಕು, ಇಷ್ಟು ಕಾಟು ಹೊಡೆಯುವವರು ಇನ್ಯಾರು?

ನನ್ನದೇನು, ಎಲ್ಲಿ ಹಾಕಿದರೂ ಹೊಂದಿಕೊಂಡು ಹೋಗುವವಳು. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಕ್ಕ

*

ಫೆಬ್ರವರಿ 20

ಅಕ್ಕಾ,

ಈ ಕಾಗದದ ಜೊತೆ ಎರಡು ವಸ್ತುಗಳು ಬರುತ್ತಿವೆ. ಉದ್ದನೆಯ ಕೊಳವೆಯಲ್ಲಿರುವುದು ಪ್ಲಾನು. ಟ್ರೇಸಿಂಗ್ ಕಾಗದದ ಮೇಲೆ ಶಾಯಿಯಲ್ಲಿ ಬರೆದದ್ದು, ಮಡಚಬೇಡ, ಒದ್ದೆ ಕೈಯಲ್ಲಿ ಮುಟ್ಟಬೇಡ. ಇನ್ನೊಂದು ಪುಸ್ತಕ. ಹೌದು, ಅದೇ ಪುಸ್ತಕ, ನಿನ್ನ ಮುದುಕ. ಕಂಟ್ರಾಕ್ಟರ್ ಎದುರು ವಾದ ಮಾಡಲು ನಿನಗೆ ಅವನ ಸಹಾಯ ಬೇಕಾಗುತ್ತದೆ. ನನಗಂತೂ ಬಾಯಿಪಾಠ. ಕಳಿಸುವ ಮುಂಚೆ ಕಟ್ಟನ್ನು ಎರಡು ಸಲ ಬಿಚ್ಚಿ ಮತ್ತೆ ಕಟ್ಟಿದೆ, ಅಷ್ಟು ತಿಳಿದುಕೊಂಡು ಜೋಪಾನ ಮಾಡು.

ಈಗ ಪ್ಲಾನು ಹಾಸಿಕೊಂಡು ಓದು. ರಸ್ತೆಯ ಕಡೆ ಜಗಲಿ. ಅದರ ಸೂರಿಗೆ ಎರಡು ಕಂಬ. ಭಾವನಿಗೆ ಹೇಳು, ನಾಲ್ಕಿಲ್ಲ, ಎರಡಿವೆ, ಆದರೆ ಎರಡೂ ದುಡಿಯುವ ಕಂಬಗಳು. ಸೂರಿನ ಭಾರ ಅವುಗಳ ಮೇಲೇ ಕೂರುತ್ತದೆ. ಬಾಗಿಲು ದಾಟಿದರೆ ನಡುಮನೆ, ಅದರಾಚೆ ಎರಡು ಕೋಣೆ. ಬಲಗಡೆಯ ಪೂರ್ವದ ಗೋಡೆಗೆ ನಿನ್ನ ಅಡುಗೆಮನೆ. ಅಕ್ಕಾ, ಅದಕ್ಕೆ ಎರಡು ಎತ್ತರದ ಕಿಟಕಿಗಳು! ಬೆಳಗ್ಗೆ ಎದ್ದು ಒಲೆ ಹಚ್ಚುವ ಹೊತ್ತಿಗೆ ಬಿಸಿಲು ನೇರವಾಗಿ ನಿನ್ನ ಕೈಯ ಮೇಲೆ ಬೀಳಬೇಕು. ಉಪ್ಪು ಯಾವುದು, ಸಕ್ಕರೆ ಯಾವುದು ಎಂದು ದೂರದಿಂದಲೇ ಗುರುತು ಹಿಡಿಯುತ್ತೀಯ.

ಒಂದು ಗೆರೆಯನ್ನೂ ಬದಲಾಯಿಸಲು ಬಿಡಬೇಡ. ಯಾರಾದರೂ "ಹೀಗೆಲ್ಲ ಈಗ ಯಾರೂ ಕಟ್ಟಲ್ಲ" ಎಂದರೆ ಪುಸ್ತಕ ತೆರೆದು ಅವರ ಮೂಗಿನ ಕೆಳಗೆ ಹಿಡಿ.

ಆಫೀಸಿನಲ್ಲಿ ಎಲ್ಲ ಚೆನ್ನಾಗಿದೆ. ಸಾಹೇಬರೂ ಪ್ಲಾನು ನೋಡಿದರು. ಏನೂ ಅನ್ನಲಿಲ್ಲ.

ನಿನ್ನ ತಂಗಿ

*

ಮಾರ್ಚ್ 15

ಮೊಂಡಿ,

ಪ್ಲಾನೂ ಪುಸ್ತಕವೂ ಬಂದು ಬಹಳ ದಿನವಾಯಿತು. ಬರೆಯಲು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಪ್ಲಾನು ಎಲ್ಲರಿಗೂ ಹಿಡಿಸಿತು. ನಿಮ್ಮ ಭಾವ "ಪರವಾಗಿಲ್ವೇ ನಿನ್ನ ತಂಗಿ" ಎಂದರು.

ಕೆಲಸ ಇನ್ನೂ ಶುರುವಾಗಿಲ್ಲ. ಮರಳು ಬಂದಿಲ್ಲ.

ಪುಸ್ತಕ ಜೋಪಾನವಾಗಿದೆ. ದಿನಾ ಸ್ವಲ್ಪ ಹೊತ್ತು ನೋಡುತ್ತೇನೆ. ಚಿತ್ರಗಳು ಚೆನ್ನಾಗಿವೆ.

ಹಾಂ, ಸುಮ್ಮನೆ ಕೇಳುತ್ತಿದ್ದೇನೆ, ನಮ್ಮ ಸೈಟಿಗೆ ಬಿಸಿಲು ಯಾವ ಕಡೆಯಿಂದ ಬರುತ್ತದೆ ಎಂದು ನೀನು ಹೇಗೆ ಕಂಡುಕೊಂಡೆ?

ಅಕ್ಕ

*

ಮಾರ್ಚ್ 22

ಅಕ್ಕಾ,

ಮರಳು ಬಂದಿಲ್ಲ! ಯಾರಿಗೆ ಹೇಳುತ್ತಿದ್ದೀಯ ಇದನ್ನು? ಪಾಯ ತೋಡುವುದಕ್ಕೆ ಮರಳು ಯಾಕೆ ಬೇಕು? ನಾನು ಕೆಲಸ ಮಾಡುವುದು ಮನೆ ಕಟ್ಟುವವರ ಆಫೀಸಿನಲ್ಲಿ, ಬಟ್ಟೆ ಅಂಗಡಿಯಲ್ಲಿ ಅಲ್ಲ.

ನನಗೆ ಗೊತ್ತು ಏನಾಗಿದೆ ಎಂದು. ಭಾವ "ಕಂಬ" ಎಂದಿದ್ದಾರೆ, ನೀನು "ಆಗಲಿ" ಎಂದಿದ್ದೀಯ. ಆ ಕಂಟ್ರಾಕ್ಟರ್ ಏನೋ ತಲೆಗೆ ತುಂಬಿದ್ದಾನೆ, ನೀನು ತಲೆ ಆಡಿಸಿದ್ದೀಯ. ಬಿಸಿಲು ಯಾವ ಕಡೆಯಿಂದ ಬರುತ್ತದೆ ಎಂದು ಅವನೇ ತಾನೆ ಕೇಳಿಸಿದ್ದು? ಪೂರ್ವದಿಂದ ಬರುತ್ತದೆ ಎಂದು ಹೇಳು. ಪ್ಲಾನಿನ ಮೂಲೆಯಲ್ಲಿ ಉತ್ತರ ದಿಕ್ಕು ತೋರಿಸುವ ಬಾಣ ಹಾಕಿದ್ದೇನೆ, ಕಣ್ಣಿದ್ದರೆ ನೋಡಿಕೊಳ್ಳಲಿ. ನನಗೆ ಪಾಠ ಹೇಳಲು ಬರಬೇಡ ಎಂದೂ ಹೇಳು.

ನೀನು ಮೊದಲಿನಿಂದಲೂ ಹೀಗೇ. ಚಿಕ್ಕವರಿದ್ದಾಗ ಕಿಟಕಿ ಪಕ್ಕದ ಜಾಗ ನಿನ್ನದು ಎಂದರೂ ಅತ್ತವರಿಗೆ ಬಿಟ್ಟುಕೊಟ್ಟು ಗೋಡೆ ಕಡೆಗೆ ಮಲಗುತ್ತಿದ್ದೆ. ಎಲ್ಲರೂ "ದೊಡ್ಡವಳು ಎಷ್ಟು ಒಳ್ಳೆಯವಳು" ಎನ್ನುತ್ತಿದ್ದರು. ಒಳ್ಳೆಯತನ ಅಲ್ಲ ಅದು, ಹೆದರಿಕೆ. ಇಷ್ಟು ದಿನ ಕತ್ತಲಲ್ಲಿ ಬೇಯಿಸಿದ್ದು ಸಾಲದು ಎನ್ನುವುದಾದರೆ ಇನ್ನೂ ಬೇಯಿಸು. ನಾನು ಯಾಕೆ ಬೆರಳು ಸವೆಸಿಕೊಂಡು ಬರೆದೆನೋ ದೇವರೇ ಬಲ್ಲ.

ನಿನ್ನ ತಂಗಿ

*

ಏಪ್ರಿಲ್ 6

ಮೊಂಡಿ,

ನಿನ್ನ ಕಾಗದ ಓದಿ ಅತ್ತೆ. ಆಮೇಲೆ ಸಿಟ್ಟು ಬಂತು. ಆಮೇಲೆ ನೀನು ಹೇಳಿದ್ದರಲ್ಲಿ ಅರ್ಧ ನಿಜ ಅನ್ನಿಸಿತು, ಇನ್ನೂ ಸಿಟ್ಟು ಬಂತು.

ಮರಳಿನ ವಿಷಯ ಸುಳ್ಳು. ನಡೆದದ್ದನ್ನು ಹೇಳುತ್ತೇನೆ, ಕೂತು ಓದು.

ಮಾರ್ಚ್ ಮೊದಲ ವಾರ ಕಂಟ್ರಾಕ್ಟರ್ ಬೆಳಬೆಳಗ್ಗೆ ದಾರ, ಗೂಟ, ಸುಣ್ಣದ ಪುಡಿ ಹಿಡಿದುಕೊಂಡು ಬಂದ. ನಾವಿಬ್ಬರೂ ಹೋಗಿದ್ದೆವು. ಪ್ಲಾನಿನಲ್ಲಿದ್ದ ರಸ್ತೆಯನ್ನು ನಿಜವಾದ ರಸ್ತೆಯ ಕಡೆಗೆ ತಿರುಗಿಸಿ ಹಿಡಿದು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಸೂರ್ಯನನ್ನು ನೋಡಿದ. ಆಮೇಲೆ ನಗತೊಡಗಿದ. "ಅಮ್ಮಾ, ನಿಮ್ಮ ತಂಗಿ ಊರಲ್ಲಿ ಸೂರ್ಯ ಆ ಕಡೆ ಹುಟ್ತಾನಾ?" ಎಂದ. ನೀನು ಪೂರ್ವದ ಗೋಡೆ ಎಂದು ಬರೆದದ್ದು ಪಶ್ಚಿಮಕ್ಕೆ ಇತ್ತು. ಬೆಳಗಿನ ಬಿಸಿಲು ಓಣಿಯ ಕಡೆಯಿಂದ ಬರುತ್ತಿತ್ತು. ಅಡುಗೆಮನೆಗೆ ಸಿಗುತ್ತಿದ್ದುದು ಸಂಜೆಯ ಸುಡುಬಿಸಿಲು ಮಾತ್ರ.

ತಪ್ಪು ಎಲ್ಲಾಯಿತು ಎಂದು ನಾನೇ ಕೂತು ಯೋಚಿಸಿದೆ. ನಿಮ್ಮ ಭಾವ ಆ ಚಿತ್ರ ಬರೆಯುವಾಗ ಸೈಟಿನ ಹಿಂದಿನ ಕಲ್ಲಿನ ಮೇಲೆ ಕೂತು ರಸ್ತೆಗೆ ಮುಖ ಮಾಡಿದ್ದರು. ಕಣ್ಣೆದುರಿಗಿದ್ದ ರಸ್ತೆಯನ್ನು ಕಾಗದದ ಮೇಲ್ಗಡೆ ಹಾಕಿದರು. ಆ ರಸ್ತೆ ಇರುವುದು ದಕ್ಷಿಣಕ್ಕೆ. ನಿಮ್ಮ ಆಫೀಸಿನಲ್ಲಿ ಕಾಗದದ ಮೇಲ್ಗಡೆ ಅಂದರೆ ಉತ್ತರ ಎಂದೇ ಲೆಕ್ಕ ಅಂತ ನೀನೇ ಒಮ್ಮೆ ಹೇಳಿದ್ದೆ. ಅವರು ದಿಕ್ಕು ಬರೆಯಲಿಲ್ಲ, ನೀನು ಕೇಳಲಿಲ್ಲ. ನಾನಂತೂ ಆ ಪ್ಲಾನನ್ನು ದಿನಗಟ್ಟಲೆ ಮುಂದಿಟ್ಟುಕೊಂಡು ಖುಷಿಪಟ್ಟೆ, ನನಗೂ ಹೊಳೆಯಲಿಲ್ಲ.

ನಿಮ್ಮ ಭಾವ ಜೋರು ಮಾಡಲಿಲ್ಲ. "ಪಾಪ, ಹುಡುಗಿ. ಪುಸ್ತಕ ಓದಿ ಮನೆ ಕಟ್ಟಕ್ಕಾಗುತ್ತಾ?" ಎಂದರು. ಅವರು ಬೈದಿದ್ದರೆ ವಾಸಿಯಿತ್ತು. ಕಂಟ್ರಾಕ್ಟರ್ ಅವತ್ತೇ ತನ್ನ ಚೀಲದಿಂದ ಒಂದು ಪ್ಲಾನು ತೆಗೆದುಕೊಟ್ಟ, ಆ ಬೀದಿಯ ಎಲ್ಲ ಮನೆಗಳಿಗೂ ಅದೇ. ಮುಂದೆ ನಾಲ್ಕು ಕಂಬ. ಅಡುಗೆಮನೆ ಎಲ್ಲಿದೆ ಎಂದು ನೀನೇ ಊಹಿಸಿಕೋ. ಸೈಟು ನಮ್ಮಿಬ್ಬರ ಹೆಸರಿನಲ್ಲಿದೆ, ಹಾಗಾಗಿ ನನ್ನ ರುಜುವೂ ಬೇಕು. ಈ ತಿಂಗಳ ಕೊನೆಗೆ ತೆಗೆದುಕೊಂಡು ಬರುತ್ತಾನೆ.

ನಿನಗೆ ನೋವಾಗುತ್ತದೆ ಎಂದು ಮುಚ್ಚಿಟ್ಟೆ. ಹೆದರಿಕೆ ಎಂದೆಯಲ್ಲ, ಇರಬಹುದು.

ಅಕ್ಕ

*

ಏಪ್ರಿಲ್ 14

ಅಕ್ಕಾ,

ರುಜು ಹಾಕಿಬಿಡು.

ಯಾವ ಸೈಟಿನ ಕೆಲಸ ಬಂದರೂ ನಾವು ಮೊದಲು ಬರೆಯುವುದು ಉತ್ತರದ ಬಾಣವನ್ನು. ಕೈ ತಾನಾಗಿಯೇ ಬರೆಯುತ್ತದೆ. ನಿನ್ನ ಪ್ಲಾನಿಗೂ ಹಾಗೇ ಬರೆದೆ, ಒಂದು ಮಾತು ಕೇಳಬೇಕೆಂದು ತೋಚಲಿಲ್ಲ. ಸೂರ್ಯ ಎಲ್ಲಿ ಹುಟ್ಟುತ್ತಾನೆ ಎಂದು ಗೊತ್ತಿಲ್ಲದವಳು ಕಂಬದ ಕೊರಳು, ಕಿಟಕಿಯ ಎತ್ತರ ಎಂದು ಊರಿಗೆಲ್ಲ ಉಪದೇಶ ಮಾಡುತ್ತಿದ್ದೆ. ಆ ಕಂಟ್ರಾಕ್ಟರ್ ನಕ್ಕನಲ್ಲ, ಇನ್ನೂ ನಗಲಿ.

ನಿನಗೆ ಹೆದರಿಕೆ ಎಂದದ್ದನ್ನು ವಾಪಸು ತೆಗೆದುಕೊಂಡಿದ್ದೇನೆ. ಪ್ಲಾನನ್ನು ಒಲೆಗೆ ಹಾಕು. ಪುಸ್ತಕವನ್ನು ಕಳಿಸಬೇಡ, ನನಗೆ ಅದರ ಮುಖ ನೋಡುವುದಕ್ಕೆ ಇಷ್ಟವಿಲ್ಲ.

ತಂಗಿ

*

ಮೇ 2

ಮೊಂಡಿ,

ನಿನ್ನ ಕಾಗದ ಓದಿ ಮೈಯೆಲ್ಲ ಉರಿಯಿತು. ರುಜು ಹಾಕಿಬಿಡು ಅಂತೆ, ಒಲೆಗೆ ಹಾಕು ಅಂತೆ! ಒಂದು ಬಾಣ ತಿರುವುಮುರುವು ಆಯಿತೆಂದು ಮನೆಯನ್ನೇ ಬಿಟ್ಟು ಓಡುತ್ತಾರೇನೇ? ನೀನು ಓಡಿದರೆ ಓಡು. ನಾನು ಓಡುವುದಿಲ್ಲ.

ಮೊದಲು ಇದನ್ನು ಕೇಳು. ಪ್ಲಾನನ್ನು ನಾನು ಮಡಚಿಡಲಿಲ್ಲ. ಮಡಚಬೇಡ ಎಂದಿದ್ದೆಯಲ್ಲ, ನಡುಮನೆಯ ಕಿಟಕಿಯ ಸರಳಿಗೆ ಎರಡು ಬಟ್ಟೆ ಕ್ಲಿಪ್ಪು ಹಾಕಿ ನೇತುಹಾಕಿದ್ದೆ. ಒಂದು ದಿನ ಒಗೆದ ಬಟ್ಟೆ ತರಲು ಹಿತ್ತಲಿಗೆ ಹೋದವಳು ಹೊರಗಿನಿಂದ ಆ ಕಿಟಕಿ ನೋಡಿದೆ. ನಿನ್ನ ಕಾಗದದ ಹಿಂಬದಿ ಕಾಣುತ್ತಿತ್ತು. ತೆಳುವಾದ ಕಾಗದ, ಒಂದೊಂದು ಗೆರೆಯೂ ಸ್ಪಷ್ಟ. ರಸ್ತೆ ಮೇಲ್ಗಡೆಯೇ ಇತ್ತು. ಜಗಲಿ, ಕಂಬ, ಬಾಗಿಲು ಎಲ್ಲ ರಸ್ತೆಯ ಕಡೆಗೇ ಇದ್ದವು. ಅಡುಗೆಮನೆ ಮಾತ್ರ ಬಲದಿಂದ ಎಡಕ್ಕೆ, ಸೈಟಿನಲ್ಲಿ ನಿಜವಾದ ಓಣಿ ಇರುವ ಕಡೆಗೆ ಬಂದು ಕೂತಿತ್ತು! ಬೆಳಗಿನ ಬಿಸಿಲು ಬರುವ ಕಡೆಗೆ! ಕೈಯಲ್ಲಿದ್ದ ಬಟ್ಟೆ ಬುಟ್ಟಿ ಅಲ್ಲೇ ಇಟ್ಟು ನಿಂತೆ. ಸುಮ್ಮನೆ ಮಗುಚಿ ಹಾಕಿದರೆ ನಿನ್ನ ಮನೆ ಸರಿಯಾಗಿತ್ತು ಕಣೇ. ಇಷ್ಟಕ್ಕೆ ಎಲ್ಲರೂ ಸೇರಿ ಬಡಿದಾಡಿದೆವು.

ಮೊನ್ನೆ ಭಾನುವಾರ ಕಂಟ್ರಾಕ್ಟರ್ ತನ್ನ ಪ್ಲಾನು ಹಿಡಿದುಕೊಂಡು ಬಂದ. ನಿಮ್ಮ ಭಾವ ರುಜು ಹಾಕಿ ಪೆನ್ನನ್ನು ನನ್ನ ಕಡೆ ತಳ್ಳಿದರು. ನಾನು ಪೆನ್ನು ಮುಟ್ಟಲಿಲ್ಲ. ಒಳಗೆ ಹೋಗಿ ನಿನ್ನ ಪ್ಲಾನನ್ನೂ ಪುಸ್ತಕವನ್ನೂ ತಂದು ಮೇಜಿನ ಮೇಲಿಟ್ಟೆ, ಪ್ಲಾನನ್ನು ಮಗುಚಿಯೇ ಇಟ್ಟೆ.

"ಇದು ತಪ್ಪು ಪ್ಲಾನಲ್ವಾ?" ಎಂದರು ನಿಮ್ಮ ಭಾವ.

"ಹಿಂದಗಡೆಯಿಂದ ಸರಿಯಾಗಿದೆ. ನೋಡಿ" ಎಂದೆ.

ಕಂಟ್ರಾಕ್ಟರ್ ಬಗ್ಗಿ ನೋಡಿದ. ಈ ಸಲ ನಗಲಿಲ್ಲ. "ಹೌದು, ಬಿಸಿಲೇನೋ ಬರುತ್ತೆ. ಆದ್ರೆ ಅಮ್ಮಾ, ಅಡುಗೆಮನೆ ಓಣಿಗೆ ಬಂತಲ್ಲ. ಹೋಗೋ ಬರೋರೆಲ್ಲ ಒಳಗೆ ನೋಡ್ತಾರೆ" ಎಂದ.

"ನೋಡ್ಲಿ. ನಾನೂ ಅವ್ರನ್ನ ನೋಡ್ತೀನಿ" ಎಂದೆ.

ನಿಮ್ಮ ಭಾವನಿಗೆ ಇಷ್ಟವಾಗಲಿಲ್ಲ. ಹೆಂಗಸರು ಬೀದಿಗೆ ಕಾಣುವ ಹಾಗೆ ಅಡುಗೆ ಮಾಡುವುದು ಎಲ್ಲಾದರೂ ಉಂಟೇ ಎಂದರು. ಎಷ್ಟು ಮನೆ ಬದಲಾಯಿಸಿದರೂ ನನ್ನನ್ನು ಗೋಡೆಗಳ ನಡುವೆ ಇಟ್ಟಿರಿ, ಇನ್ನು ನಾನು ಅಲ್ಲಿ ನಿಲ್ಲುವುದಿಲ್ಲ ಎಂದೆ.

ಆಮೇಲೆ ಕಂಬದ ಮಾತು ಬಂತು. ಕಂಟ್ರಾಕ್ಟರನ ಪ್ಲಾನಿನಲ್ಲಿರುವ ನಾಲ್ಕು ಕಂಬ ತೋರಿಸಿ, "ಇವು ಏನನ್ನ ಹೊರುತ್ತವೆ?" ಎಂದು ಕೇಳಿದೆ.

"ಏನೂ ಹೊರಲ್ಲಮ್ಮಾ. ಚಂದಕ್ಕೆ. ಒಳಗೆ ಪೈಪು, ಮೇಲೆ ಗಾರೆ."

"ಏನೂ ಹೊರದೋರನ್ನ ನಾಲ್ಕು ಜನಾನ ಬಾಗಿಲಲ್ಲಿ ನಿಲ್ಲಿಸಿ ನಾನು ಸಾಕಲ್ಲ" ಎಂದೆ. ಪುಸ್ತಕ ತೆರೆದು ಮುದುಕನ ಕಾಟು ಹೊಡೆದ ಪುಟವನ್ನು ನಿಮ್ಮ ಭಾವನ ಮುಂದಿಟ್ಟೆ. ಈಚೆಗೆ ನಾನೂ ಹೋಗಿ ನೋಡಿದ್ದೆ, ಅವರ ಮ್ಯಾನೇಜರ ಮನೆಯೇ ಅದು, ಪಡಿಯಚ್ಚು! ತೊಲೆ ಒಂದು ಕಡೆ, ಕಂಬ ಒಂದು ಕಡೆ. ಅವರು ಎಡಪುಟ ನೋಡಿದರು, ಬಲಪುಟ ನೋಡಿದರು, ಮತ್ತೆ ಎಡಪುಟ ನೋಡಿದರು. ಕಂಟ್ರಾಕ್ಟರ್ ನಗು ತಡೆಯಲಾಗದೆ ಕೆಮ್ಮತೊಡಗಿದ.

ಅವನು ಹೋದ ಮೇಲೆ ನಿಮ್ಮ ಭಾವ, "ಇಷ್ಟು ವರ್ಷದಲ್ಲಿ ನೀನು ಹೀಗೆ ಮಾತಾಡಿದ್ದು ನಾನು ನೋಡೇ ಇಲ್ಲ" ಎಂದರು.

"ಅಡುಗೆಮನೇಲಿ ಬೆಳಕಿರ್ಲಿಲ್ಲ. ನನ್ನ ಬಾಯಿ ನಿಮಗೆ ಕಾಣಿಸ್ತಿರ್ಲಿಲ್ಲ" ಎಂದೆ. ಅವರು ಒಪ್ಪಿಲ್ಲ, ಮುಖ ದಪ್ಪ ಮಾಡಿಕೊಂಡು ಓಡಾಡುತ್ತಿದ್ದಾರೆ. ನಾನು ರುಜು ಹಾಕಿಲ್ಲ. ಆ ಪ್ಲಾನಿಗೆ ಹಾಕುವುದೂ ಇಲ್ಲ. ಸೈಟಿನಲ್ಲಿ ಹುಲ್ಲು ಬೆಳೆದರೂ ಸರಿಯೇ.

ನೀನು ಮಾಡಬೇಕಾದದ್ದು ಇಷ್ಟು. ಹೊಸ ಹಾಳೆ ತೆಗೆದುಕೊಂಡು ಮಗುಚಿದ ಮನೆಯನ್ನು ನೆಟ್ಟಗೆ ಬರೆ. ಬಾಣವನ್ನು ಸರಿಯಾದ ಕಡೆಗೆ ಹಾಕು. ಜಗಲಿ ದಕ್ಷಿಣಕ್ಕೆ ಬಂತಲ್ಲ, ದಿನವಿಡೀ ಬಿಸಿಲು. ಸೂರು ಇನ್ನೂ ಎಷ್ಟು ಮುಂದೆ ಬರಬೇಕು ಎಂದು ಲೆಕ್ಕ ಹಾಕಿ ಹೇಳು. ಅಳುತ್ತಾ ಕೂತರೆ ನಾನೇ ಅಲ್ಲಿಗೆ ಬಂದು ಕಿವಿ ಹಿಂಡುತ್ತೇನೆ.

ಅಕ್ಕ

*

ಮೇ 19

ಅಕ್ಕಾ,

ಇನ್ನು ಮೇಲೆ ನಮ್ಮಿಬ್ಬರಲ್ಲಿ ಮೊಂಡಿ ಯಾರು ಎಂದು ಮೊದಲು ತೀರ್ಮಾನವಾಗಬೇಕು. ನಿನ್ನ ಕಾಗದವನ್ನು ಬಸ್ಸಿನಲ್ಲಿ ಓದಿದೆ. ಕಂಬದ ಮಾತು ಬಂದಾಗ ಜೋರಾಗಿ ನಕ್ಕು ಇಳಿಯುವ ಜಾಗ ತಪ್ಪಿಸಿಕೊಂಡೆ.

ಟ್ರೇಸಿಂಗ್ ಹಾಳೆಯನ್ನು ಮಗುಚಿ ನೋಡುವುದು ನನಗೆ ಹೊಳೆಯಲೇ ಇಲ್ಲ. ಅದರ ಮೇಲೇ ದಿನವಿಡೀ ಕೈ ಇಟ್ಟುಕೊಂಡು ಕೂರುವವಳು ನಾನು. ಇದಕ್ಕೆ ಏನು ಹೇಳುವುದು?

ನೀನು ಮರಳಿನ ಸುಳ್ಳು ಹೇಳಿದೆ ಎಂದು ಅಷ್ಟೊಂದು ಹಾರಾಡಿದೆನಲ್ಲ, ನಾನು ಹೇಳಿದ್ದೂ ಸುಳ್ಳೇ. ಫೆಬ್ರವರಿಯಲ್ಲಿ ಸಾಹೇಬರು ನಿನ್ನ ಪ್ಲಾನು ನೋಡಿ ಸುಮ್ಮನಿರಲಿಲ್ಲ. "ಇದು ಅಜ್ಜಿ ಮನೆ ಕಣಮ್ಮಾ. ಇದನ್ನ ಈಗ ಯಾರು ಕಟ್ಟಿಸ್ತಾರೆ?" ಎಂದರು. ನನ್ನ ಬಾಯಿ ಸುಮ್ಮನಿರಬೇಕಲ್ಲ? "ಅಜ್ಜಿ ಮನೆಗೆ ಗಾಳಿ ಬೆಳಕು ಇತ್ತು ಸಾರ್. ನಾವು ಬರೆಯೋ ಮನೆಗಳಿಗೆ ಬರೀ ಮುಖ ಇದೆ" ಎಂದುಬಿಟ್ಟೆ. ಮರುದಿನವೇ ನಾನು ಪ್ಲಾನು ಬರೆಯುವ ಬೋರ್ಡನ್ನು ಬೇರೆಯವರಿಗೆ ಕೊಟ್ಟು ನನ್ನನ್ನು ಜೆರಾಕ್ಸ್ ಮಷೀನಿನ ಪಕ್ಕ ನಿಲ್ಲಿಸಿದರು. ಅಲ್ಲಿಂದಲೇ ನಿನಗೆ "ಎಲ್ಲ ಚೆನ್ನಾಗಿದೆ" ಎಂದು ಬರೆದೆ. ಬಾಣದ ಸುದ್ದಿ ಬಂದಾಗಲೂ ಅಲ್ಲೇ ಇದ್ದೆ. ಸಾಹೇಬರೇ ಸರಿ, ನನಗೆ ಇದೇ ಜಾಗ ಸರಿ ಅನ್ನಿಸಿತ್ತು. ಅದಕ್ಕೇ ರುಜು ಹಾಕು ಎಂದು ಬರೆದದ್ದು.

ಕಳೆದ ಸೋಮವಾರ ನೇರವಾಗಿ ಅವರ ಕೋಣೆಗೆ ಹೋಗಿ, "ಸಾರ್, ನನ್ನ ಬೋರ್ಡು ನನಗೆ ವಾಪಸ್ ಬೇಕು" ಎಂದೆ.

"ಕೊಡ್ತೀನಿ. ಆ ಪುಸ್ತಕದ ಹುಚ್ಚು ಬಿಡು. ನಾನು ಹೇಳಿದ್ದನ್ನ ಹೇಳಿದ ಹಾಗೆ ಬರಿ" ಎಂದರು.

"ಮುಚ್ಚಕ್ಕಾಗದೇ ಇರೋ ಕಿಟಕಿ ಬಾಗಿಲು ನಾನು ಇನ್ನು ಬರೆಯಲ್ಲ ಸಾರ್."

"ಹಾಗಾದ್ರೆ ಹೋಗು. ಎಲ್ಲಿಗೆ ಹೋಗ್ತೀಯ ನೋಡೋಣ."

"ಮನೆಗೆ. ಒಂದು ಪ್ಲಾನು ಬರೆಯೋದಿದೆ" ಎಂದು ಹೊರಟು ಬಂದೆ.

ಈಗ ನನ್ನ ಕೋಣೆಯಲ್ಲಿ ಊಟದ ಮೇಜೇ ಬೋರ್ಡು. ಇದರ ಜೊತೆ ಹೊಸ ಪ್ಲಾನು ಬರುತ್ತಿದೆ. ಬಾಣ ಬರೆಯುವ ಮುಂಚೆ ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ಜಗಲಿಯ ಸೂರನ್ನು ಮುಂದೆ ತಂದಿದ್ದೇನೆ, ಅದರಿಂದ ಕಂಬಗಳಿಗೆ ಭಾರ ಹೆಚ್ಚಿತು, ಸ್ವಲ್ಪ ದಪ್ಪ ಮಾಡಿದ್ದೇನೆ. ಭಾವನಿಗೆ ಅದನ್ನು ತೋರಿಸು, ಅಷ್ಟಾದರೂ ಸಮಾಧಾನವಾಗಲಿ. ಒಂದೊಂದು ಅಳತೆಯನ್ನೂ ಬರೆದಿದ್ದೇನೆ. ಈ ಸಲ ಒಂದು ಗೆರೆಯೂ ತಪ್ಪಿಲ್ಲ. ಬರೆದ ಹಾಗೇ ಕಟ್ಟಿಸು.

ತಂಗಿ

*

ಸೆಪ್ಟೆಂಬರ್ 3

ಮೊಂಡಿ,

ಇಷ್ಟು ದಿನ ಬರೆಯಲಿಲ್ಲ ಎಂದು ನೀನು ಉರಿಯುತ್ತಿರುತ್ತೀಯ. ಬರೆಯಲು ಪುರುಸೊತ್ತು ಎಲ್ಲಿದೆ? ಬೆಳಗಾದರೆ ಸೈಟು, ಸಂಜೆಯಾದರೆ ಸೈಟು. ಗಾರೆಯವರು ನನ್ನನ್ನು ಕಂಡರೆ "ಬಂದ್ರು ನೋಡ್ರೋ, ದಾರ ಸರಿಯಾಗಿ ಹಿಡೀರಿ" ಎನ್ನುತ್ತಾರೆ. ಪುಸ್ತಕದ ಅಂಚಿಗೆಲ್ಲ ಸಿಮೆಂಟು ಹತ್ತಿದೆ. ಬೈಯಬೇಡ, ಅದು ಮೊದಲೇ ಹರಿದಿತ್ತು.

ನಿಮ್ಮ ಭಾವ ಜೂನ್ ಕೊನೆಗೆ ನಿನ್ನ ಹೊಸ ಪ್ಲಾನಿಗೆ ರುಜು ಹಾಕಿದರು. ನಾನು ಗೋಗರೆಯಲಿಲ್ಲ, ಜಗಳವನ್ನೂ ಆಡಲಿಲ್ಲ. ಈ ಬಾಡಿಗೆ ಮನೆಯ ಅಡುಗೆಮನೆಯ ಬಲ್ಬು ಕೆಟ್ಟಿತ್ತು. ಬದಲಾಯಿಸದೆ ಬಿಟ್ಟು, "ನೀವೇ ಒಂದು ಸಲ ಟೀ ಮಾಡ್ಕೊಳ್ಳಿ" ಎಂದೆ. ಮಾಡಿಕೊಂಡರು, ಒಂದು ಗುಟುಕು ಕುಡಿದು ಮುಖ ಕಿವುಚಿದರು. ಲೋಟದಲ್ಲಿ ಏನು ಬಿದ್ದಿತ್ತೋ ನಾನು ಕೇಳಲಿಲ್ಲ. ಮರುದಿನ ಕಂಟ್ರಾಕ್ಟರನನ್ನು ಕರೆಸಿದರು. ಹೊರಗೆ ಮಾತ್ರ ಈಗಲೂ "ನಾಲ್ಕು ಕಂಬ ಇದ್ದಿದ್ರೆ ಗತ್ತು ಇರ್ತಿತ್ತು" ಎನ್ನುತ್ತಾರೆ. ಅನ್ನಲಿ.

ಗೋಡೆಗಳು ಮೇಲೆದ್ದಿವೆ, ಸೂರು ಕೂತಿದೆ, ಗಿಲಾವು ನಡೆಯುತ್ತಿದೆ. ಒಲೆಯಿಲ್ಲ, ನಲ್ಲಿಯಿಲ್ಲ, ಆದರೂ ದಿನಾ ಬೆಳಗ್ಗೆ ಅಡುಗೆಮನೆಯಲ್ಲಿ ಹೋಗಿ ನಿಲ್ಲುತ್ತೇನೆ. ಬಿಸಿಲು ಬರುತ್ತದೆ ಕಣೇ. ಕಟ್ಟೆಯ ಮೇಲಿನ ಸಿಮೆಂಟಿನ ಧೂಳು ಕೂಡ ಒಂದೊಂದು ಕಾಳಾಗಿ ಕಾಣುತ್ತದೆ. ಮೊದಲ ದಿನ ಅಳು ಬಂತು. ಗಾರೆಯವರ ಎದುರಿಗೇ ಅತ್ತೆ, ಕಣ್ಣಿಗೆ ಧೂಳು ಬಿತ್ತು ಎಂದು ಸಹ ಹೇಳಲಿಲ್ಲ. ಈಚೆಗೆ ನಿಮ್ಮ ಭಾವ ಪೇಪರು ಹಿಡಿದುಕೊಂಡು ಅಲ್ಲಿಗೇ ಬಂದು ಕೂರುತ್ತಾರೆ. ಓದಲು ಬೆಳಕು ಚೆನ್ನಾಗಿದೆಯಂತೆ.

ಬೀದಿಯವರು ಒಬ್ಬೊಬ್ಬರೇ ಬಂದು ನೋಡುತ್ತಿದ್ದಾರೆ. ಓಣಿಯ ಕೊನೆಯಲ್ಲಿ ಸೈಟು ತೆಗೆದುಕೊಂಡಿರುವ ಟೀಚರು ಜಗಲಿಯಲ್ಲಿ ಕೂತು ಎದ್ದೇಳಲೇ ಇಲ್ಲ. ಯಾರು ಬರೆದದ್ದು ಎಂದು ಕೇಳಿದರು. ನಿನ್ನ ವಿಳಾಸ ಕೊಟ್ಟಿದ್ದೇನೆ. ಸೈಟಿನ ಚಿತ್ರ ಬರೆದು ಕಳಿಸಿ ಎಂದು ಅವರಿಗೆ ಬರೆದೀಯ, ಜೋಕೆ! ಬಸ್ಸು ಹತ್ತಿ ಬಾ. ಬಂದು ಆ ಸೈಟಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಂತು ನೋಡು, ಆಮೇಲೆ ಪೆನ್ಸಿಲು ಮುಟ್ಟು.

ಇನ್ನೊಂದು ವಿಷಯ. ನೀನು ಬಂದು ನೋಡಿದ ಮೇಲೆ ಹಾರಾಡುವುದಕ್ಕಿಂತ ನಾನೇ ಹೇಳಿಬಿಡುವುದು ವಾಸಿ. ಒಂದು ಗೋಡೆಯ ಕಿಟಕಿಗಳ ತಳ ಒಂದೇ ಸಾಲಿನಲ್ಲಿರಬೇಕು ಎನ್ನುತ್ತಾನೆ ಮುದುಕ. ನೀನೂ ಹಾಗೇ ಬರೆದಿದ್ದೆ. ಗಾರೆಯವರು ಕಿಟಕಿಗಳ ತಳದ ಗುರುತಿಗೆ ದಾರ ಕಟ್ಟಿದ ದಿನ ನಾನು ಅಡುಗೆಮನೆಯಲ್ಲಿ ನಿಂತು ನೋಡಿದೆ. ಆ ಎತ್ತರಕ್ಕೆ ನನ್ನ ಗದ್ದ ಬರುತ್ತಿತ್ತು. ಓಣಿ ಕಾಣುತ್ತಿರಲಿಲ್ಲ, ಆಕಾಶ ಮಾತ್ರ ಕಾಣುತ್ತಿತ್ತು. ನಿನ್ನ ಮುದುಕ ಉದ್ದನೆಯ ಮನುಷ್ಯ ಇರಬೇಕು. ಜೀವನದಲ್ಲಿ ಒಂದು ದಿನವೂ ಅಡುಗೆ ಮಾಡಿರಲಿಕ್ಕಿಲ್ಲ. ದಾರವನ್ನು ನನ್ನ ಮೊಣಕೈಯವರೆಗೆ ಇಳಿಸಿದೆ. ಮೇಲಿನ ಸಾಲು ಸರಿಯಾಗಿದೆ, ಕೆಳಗಿನ ಸಾಲು ತಪ್ಪಿದೆ. ಹೊರಗಿನಿಂದ ನೋಡಿದರೆ ಅಡುಗೆಮನೆಯ ಎರಡು ಕಿಟಕಿಗಳು ಮಿಕ್ಕವುಗಳಿಗಿಂತ ಕೆಳಗಿಳಿದಿವೆ. ಮುದುಕ ನೋಡಿದರೆ ಖಂಡಿತ ಕಾಟು ಹೊಡೆಯುತ್ತಾನೆ. ನೀನೂ ಹೊಡೆಯುತ್ತೀಯ.

ಹೊಡಿ. ಗೋಡೆ ಆಗಲೇ ಗಟ್ಟಿಯಾಗಿದೆ.

ಅಕ್ಕ